ಸೊಸೆ ಕೇಳಿದ ಮೂರು ಮಾತು

ಬೇಸಿಗೆ ಇಳಿಯುತ್ತಿದ್ದ ದಿನಗಳು. ಬೆಳಗಿನ ಆರು ಗಂಟೆ ಇರಬಹುದು. ಎದ್ದು ನೋಡಿದರೆ ಸೊಸೆ ಅಡುಗೆಮನೆ ಗೋಡೆಗೆ ಕಿವಿಯಾನಿಸಿ, ಕಣ್ಣು ಮುಚ್ಚಿ ನಿಂತಿದ್ದಳು. ಗೋಡೆಯೊಳಗೆ ನೀರು ಹೋಗುವ ಸದ್ದು, ಯಾರೋ ನಿದ್ದೆಯಲ್ಲಿ ಮೆಲ್ಲಗೆ ಮಾತಾಡಿದಂತೆ. "ಮಾವ, ಇಲ್ಲೇ ಜಿನುಗ್ತಿದೆ," ಎಂದಳು. ಒಡೆದು ನೋಡಿದೆವು. ಅವಳು ಬೆರಳಿಟ್ಟ ಕಡೆಯೇ ಪೈಪು ಬಿರುಕು ಬಿಟ್ಟಿತ್ತು.

ಎಂಟು ತಿಂಗಳಿಂದ ಅವಳು ಒಬ್ಬ ನಲ್ಲಿ ಮೇಸ್ತ್ರಿಯ ಹತ್ತಿರ ಕೆಲಸ ಕಲಿಯಲು ಹೋಗುತ್ತಿದ್ದಳು. ಪೈಪು ಕೊಯ್ಯುವುದು, ಕೂಡಿಸುವುದು ಎಲ್ಲ ಅವಳದೇ. ಕೈಗೆ ಮಾತ್ರ ಬಿಡಿಗಾಸೂ ಬಂದಿರಲಿಲ್ಲ. ತಪ್ಪು ನನ್ನದು. ಗಾರೆ ಕೆಲಸ ಕಲಿಯುವಾಗ ನಾನು ಮೂರು ವರ್ಷ ಬರಿಗೈಯಲ್ಲಿ ದುಡಿದವನು. ಸಂಬಳ ಕೇಳಿದರೆ ಕಲಿಸುವವರ ಮನಸ್ಸು ಮುರಿಯುತ್ತದೆ, ಬಾಯಿ ಬಿಡಬೇಡ ಎಂದು ಅವಳಿಗೆ ಹೇಳಿಕೊಟ್ಟವನೂ ನಾನೇ. ಈಗ ಮಗನೊಬ್ಬನ ದುಡಿಮೆಯಲ್ಲಿ ಮನೆ ಸಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಇದನ್ನು ಬಿಟ್ಟು, ಹಿಂದೆ ದುಡಿಯುತ್ತಿದ್ದ ಡಬ್ಬ ತುಂಬುವ ಕಾರ್ಖಾನೆಗೆ ಮರಳುವುದೆಂದು ಅವಳು ನಿಶ್ಚಯಿಸಿದ್ದಳು.

ಎದುರುಮನೆಯಾಕೆ ನೀರಿನ ಮೀಟರು ಓದುವವಳು; ಬೀದಿಗೆಲ್ಲ ಮೀಟರಕ್ಕ. ಒಡೆದ ಗೋಡೆ ನೋಡಿ, ಇಂಥ ಕಿವಿ ಇಟ್ಟುಕೊಂಡು ಡಬ್ಬ ತುಂಬಲು ಹೋಗುತ್ತೀಯಾ ಎಂದು ಸೊಸೆಯನ್ನು ಬೈದಳು. ಸಂಬಳ ಕೊಟ್ಟು ಕಲಿಸುವ ಜಾಗಗಳಿವೆ, ತರಬೇತಿ ಶಾಲೆಯಲ್ಲಿ ಕೇಳಿದರೆ ಪಟ್ಟಿ ಸಿಗುತ್ತದೆ ಎಂದಳು.

ನನ್ನ ಹೆಂಡತಿ ಮೂಗು ಮುರಿದಳು. "ಕೆಲಸಾನೂ ಕಲಿಸಿ ದುಡ್ಡೂ ಕೊಡೋಕೆ ಅವರೇನು ನಮ್ಮ ಬೀಗರಾ?"

"ಬೀಗರಾಗಿದ್ರೆ ಕೊಡ್ತಿರ್ಲಿಲ್ಲ ದೊಡ್ಡಮ್ಮ," ಎಂದಳು ಮೀಟರಕ್ಕ. "ಕಲಿಯೋಳೂ ಕೆಲಸ ಮಾಡ್ತಾಳಲ್ಲ, ಅದಕ್ಕೆ ಕೊಡ್ತಾರೆ. ಜಾಗ ಕೊಡಿಸ್ತೀನಿ, ಮೊದಲು ದುಡ್ಡು ಇಡು ಅನ್ನೋರ ಹತ್ರ ಮಾತ್ರ ಹೋಗ್ಬೇಡಿ."

ಮರುವಾರ, ತರಬೇತಿ ಶಾಲೆಯಲ್ಲಿ ಸಿಕ್ಕ ಪಟ್ಟಿಯಲ್ಲಿದ್ದ ಒಂದು ನಲ್ಲಿ ಕೆಲಸದ ಕಂಪನಿಯ ಕಚೇರಿಗೆ ಸೊಸೆಯ ಜೊತೆ ನಾನೂ ಹೋದೆ. ಕಿಟಕಿಯ ಬಿಸಿಲಿಗೆ ತಾಮ್ರದ ಕೊಳವೆಗಳು ಹೊಳೆಯುತ್ತಿದ್ದವು. ಗೋಡೆಯೆಲ್ಲ ಆ ಬೆಳಕು ನೀರಿನಂತೆ ತುಯ್ದಾಡುತ್ತಿತ್ತು. ನಾನು ಕನಸಿನೊಳಗೆ ಕೂತ ಹಾಗಿದ್ದೆ. ಅಲ್ಲಿನ ಮುಖ್ಯ ಮೇಸ್ತ್ರಿ ಎರಡು ಪೈಪು ಕೊಟ್ಟು ಕೂಡಿಸಲು ಹೇಳಿದ. ಕೂಡಿಸಿ ನೀರು ಬಿಟ್ಟಳು, ಒಂದು ಹನಿಯೂ ಸೋರಲಿಲ್ಲ. ಅವನು ಸಹಿಗೆಂದು ಕೆಲಸದ ಕರಾರು ಕಾಗದ ಮುಂದಿಟ್ಟ.

ಸೊಸೆ ನನ್ನ ಮುಖ ನೋಡಿದಳು. ನಾನೇ ಮುಚ್ಚಿಸಿದ ಬಾಯಿ ಅದು. "ಕೇಳಮ್ಮ," ಎಂದೆ.

"ತಿಂಗಳಿಗೆ ಎಷ್ಟು ಕೊಡ್ತೀರಿ ಸರ್? ಅದು ಇದರಲ್ಲಿ ಬರೆದಿದೆಯಾ? ಕಲಿತು ಮುಗಿದ ಮೇಲೆ ಪ್ರಮಾಣಪತ್ರ ಸಿಗುತ್ತಾ?"

ಅವನು ಬೇಸರಿಸಲಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿ ತೋರಿಸಿದ. "ಕೇಳದೆ ಸಹಿ ಹಾಕೋರನ್ನ ಕಂಡ್ರೇ ನನಗೆ ಭಯ ಕಣಮ್ಮ," ಎಂದ. "ಅಂಥೋರು ಪೈಪು ಕೂಡಿಸಿದ ಮೇಲೂ ನೀರು ಬಿಟ್ಟು ನೋಡಲ್ಲ."

ಓದುವವರೇ, ನಿಮ್ಮ ಮನೆಯಲ್ಲೂ ಕೈಕೆಲಸ ಕಲಿಯುವವರಿದ್ದರೆ ನನ್ನಂತೆ ಬಾಯಿ ಮುಚ್ಚಿಸಬೇಡಿ. ಹತ್ತಿರದ ತರಬೇತಿ ಶಾಲೆಗೆ ಕರೆದುಕೊಂಡು ಹೋಗಿ, ಸಂಬಳ ಕೊಟ್ಟು ಕಲಿಸುವವರು ಯಾರೆಂದು ವಿಚಾರಿಸಿ. ಸಂಬಳ ಎಷ್ಟು, ಬರಹದಲ್ಲಿದೆಯೇ, ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ಅವರೇ ಕೇಳಲಿ. ಓದಿಸಿಕೊಂಡ ಮೇಲೆ ಸಹಿ ಹಾಕಲಿ.

ನಮ್ಮ ಸೊಸೆ ಆ ಹೊಸ ಕೆಲಸಕ್ಕೆ ಹೊರಟದ್ದು ಸೋಮವಾರ, ಬೆಳಿಗ್ಗೆ ಏಳಕ್ಕೆ. ಅವಳ ಅತ್ತೆ ಬುತ್ತಿ ಹಿಡಿದುಕೊಂಡು ಬೀದಿ ತಿರುವಿನವರೆಗೂ ಜೊತೆಗೆ ಹೋದಳು.