ಮಾಲಿವಾನಳ ಬೆಕ್ಕುಗಳು, ವಂಪೆನಳ ನಾಯಿ

ತುಳಸಿ ಪಾತಿಯಲ್ಲಿ ಬೆಕ್ಕಿನ ಹೇಲು ಸಿಕ್ಕಿದ್ದು ಅದೇ ಮೊದಲೇನಲ್ಲ. ಆದರೆ ಆ ಬೆಳಿಗ್ಗೆ, ಬಾಣಲೆಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಚಟಪಟ ಅನ್ನುತ್ತಿರುವಾಗ ಅದಕ್ಕೆ ಹಾಕಲು ತುಳಸಿ ಸೊಪ್ಪು ಕೀಳಲು ಓಡಿ ಬಂದ ವಂಪೆನಳ ಬೆರಳೇ ಅದರೊಳಗೆ ಹೋಯಿತು. ಒಳಗೆ ಬೆಳ್ಳುಳ್ಳಿ ಸೀದು ಕರಕಲಾಯಿತು. ಅವಳು ನಲ್ಲಿಯ ಕೆಳಗೆ ಕೈ ಉಜ್ಜುತ್ತಾ ಪಕ್ಕದ ಮನೆಗೆ ಕೇಳುವಂತೆ ಕೂಗಿದಳು.

"ಅನ್ನ ಹಾಕಿ ಪುಣ್ಯ ಕಟ್ಕೊಳೋರು ಅವ್ರು, ಹೇಲು ಬಾಚೋಳು ನಾನು!"

ಪಕ್ಕದ ಮನೆಯ ಜಗುಲಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. "ತಪ್ಪಾಯ್ತು ಅಕ್ಕ, ಬಂದು ತೆಗೀತೀನಿ," ಅಂದಳು ಮಾಲಿವಾನ್.

"ನೀನೇನೂ ಬರೋದು ಬೇಡಮ್ಮ!"

ರಾಚ್ಚಬುರಿ ಊರಿನ ಆ ಓಣಿಯಲ್ಲಿ ಏಳು ಬೀದಿ ಬೆಕ್ಕುಗಳಿದ್ದವು. ವರ್ಷದ ಹಿಂದೆ ಬಾಡಿಗೆಗೆ ಬಂದ ಮಾಲಿವಾನ್ ಏಳಕ್ಕೂ ಅನ್ನ ಕಲಸಿಡುತ್ತಿದ್ದಳು. ಅವಳ ಅಂಗಳಕ್ಕೆ ಸಿಮೆಂಟು, ವಂಪೆನಳದ್ದು ಮೆತ್ತನೆಯ ಮಣ್ಣು. ಬೆಕ್ಕು ಎಲ್ಲಿ ಉಣ್ಣಬೇಕೋ ಅಲ್ಲಿ ಉಂಡು, ಎಲ್ಲಿ ಕೂರಬೇಕೋ ಅಲ್ಲಿ ಕೂರುತ್ತಿತ್ತು.

ನಿಜ ಹೇಳಬೇಕೆಂದರೆ ವಂಪೆನಳ ಹೊಟ್ಟೆ ಉರಿಯುತ್ತಿದ್ದದ್ದು ಬೆಕ್ಕಿನ ಹೇಲಿಗಲ್ಲ, ನಾಯಿಗೆ. ಥಾನ್ ಅವಳ ನಾಯಿ. ಇದ್ದಿಲಿನ ಬಣ್ಣ, ಹೆಸರಿನ ಅರ್ಥವೂ ಇದ್ದಿಲೇ. ಕಣ್ಣು ಬಿಡದ ಮರಿಯನ್ನು ಚರಂಡಿಯಿಂದ ಎತ್ತಿ ತಂದು, ಬೆರಳಲ್ಲಿ ಹಾಲು ಚೀಪಿಸಿ, ಒಂಬತ್ತು ವರ್ಷ ಸಾಕಿದ್ದಳು. ಮನೆಯಲ್ಲಿ ಅವಳ ದನಿ ಕೇಳುವ ಇನ್ನೊಂದು ಜೀವ ಇರಲಿಲ್ಲ. ಅಂಥ ಥಾನ್ ಈಗ ಬೆಳಗಿನ ಅನ್ನ ಉಂಡು, ಬಾಯಿ ನೆಕ್ಕಿಕೊಂಡು, ನೆಟ್ಟಗೆ ಪಕ್ಕದ ಜಗುಲಿಗೆ ಹೋಗಿ ಮಲಗುತ್ತಿದ್ದ. ಹೊಲಿಯುತ್ತಾ ಮಾಲಿವಾನ್ ಅವನ ಜೊತೆ ಏನೇನೋ ಮಾತಾಡುತ್ತಿದ್ದಳು, ನಡುನಡುವೆ ಕಾಲ ಹೆಬ್ಬೆರಳಿನಿಂದ ಅವನ ಕಿವಿಯ ಹಿಂದೆ ತುರಿಸುತ್ತಿದ್ದಳು. ಬೇಲಿಯಾಚೆಯಿಂದ ವಂಪೆನ್ ಇದನ್ನೆಲ್ಲ ನೋಡುತ್ತಿದ್ದಳು. ಬೆಕ್ಕಿನ ತಟ್ಟೆಯ ಮೀನಿನ ಆಸೆಗೆ ಹೋಗ್ತಾನೆ, ಇನ್ನೇನು, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಬೆಕ್ಕುಗಳನ್ನು ಓಡಿಸಲು ಅವಳು ಮಾಡದ ಉಪಾಯವಿಲ್ಲ. ಚಕ್ಕೋತದ ಸಿಪ್ಪೆ ಹರಡಿದಳು, ಕಾಫಿ ಚರಟ ಸುರಿದಳು. ಹಂದಿ ಮಾಂಸ ಸುಟ್ಟು ಮಾರುವ ಬುನ್ಸೋಂಗ್ ಮಾವನ ಗಾಡಿಯಿಂದ ಬಿದಿರ ಕಡ್ಡಿಗಳನ್ನು ಆರಿಸಿ ತಂದು ಪಾತಿಯ ತುಂಬ ಚುಚ್ಚಿದಳು. ಬಾಲ ಮುರಿದ ಹಳದಿ ಬೆಕ್ಕೊಂದು ಆ ಕಡ್ಡಿಗಳ ನಡುವೆಯೇ ಜಾಗ ಮಾಡಿಕೊಂಡು ಕೂತಿತು.

ಆಗ ಅವಳಿಗೆ ಕೆಂಪು ನೀರಿನ ನೆನಪಾಯಿತು. ನಾಯಿಗಳು ಬಾಗಿಲಿಗೆ ಕಾಲೆತ್ತದಿರಲಿ ಎಂದು ಬಾಟಲಿಯಲ್ಲಿ ಕೆಂಪು ನೀರು ತುಂಬಿ ಮನೆ ಮುಂದೆ ಇಡುವುದು ಅಲ್ಲಿ ಎಲ್ಲರ ರೂಢಿ. ನಾಯಿಯೇ ಹೆದರುವಾಗ ಬೆಕ್ಕು ಯಾವ ಲೆಕ್ಕ? ಹನ್ನೆರಡು ಬಾಟಲಿಗಳಲ್ಲಿ ಬಣ್ಣ ಕಲಸಿ ಬೇಲಿಯುದ್ದಕ್ಕೂ, ಗೇಟಿನ ಎರಡೂ ಕಡೆಗೂ ಸಾಲಾಗಿ ನಿಲ್ಲಿಸಿದಳು.

ಬುನ್ಸೋಂಗ್ ಮಾವ ಗಾಡಿ ನಿಲ್ಲಿಸಿ ನಕ್ಕ. "ಏನೇ ವಂಪೆನ್, ನಿನ್ನ ನಾಯಿಗೇ ಗಡೀಪಾರಾ?"

"ಥಾನ್ ಏನು ಬೀದಿ ನಾಯಿನಾ ಮಾವ? ಅವ್ನಿಗೆ ಇದು ತನ್ನ ಮನೆ ಅಂತ ಗೊತ್ತಿಲ್ವಾ?"

ಮಧ್ಯಾಹ್ನ ಥಾನ್ ಪಕ್ಕದ ಮನೆಯಿಂದ ಬಂದ. ಗೇಟಿನ ಬಳಿ ಬಿಸಿಲಿಗೆ ಕೆಂಪು ನೀರು ಫಳಫಳ ಹೊಳೆಯುತ್ತಿತ್ತು. ನಿಂತ, ಮೂಸಿದ, ಬಾಲ ಕಾಲ ಸಂದಿಗೆ ಸೇರಿಸಿಕೊಂಡು ತಿರುಗಿ ಹೋದ. ಸಂಜೆಗೂ ಬರಲಿಲ್ಲ.

"ಬಾಟ್ಲಿ ತೆಗೀರಿ ಅಕ್ಕ, ಪಾಪ ಹೆದ್ರ್‌ತಾ ಇದಾನೆ," ಎಂದು ಮಾಲಿವಾನ್ ಬೇಲಿಯ ಬಳಿ ಬಂದು ಹೇಳಿದಳು.

"ಎಲ್ಲಿ ಹೆದ್ರ್‌ತಾನೆ, ಎಲ್ಲಿ ಹೆದರಲ್ಲ ಅಂತ ನಂಗೆ ನೀನು ಹೇಳ್ಕೊಡ್ತೀಯಾ? ಒಂಬತ್ತು ವರ್ಷ ಸಾಕಿದೀನಿ ಕಣೇ!"

ಹೇಳಿದವಳು ಮಾಲಿವಾನ್ ಅನ್ನುವ ಒಂದೇ ಕಾರಣಕ್ಕೆ ಇನ್ನೂ ಆರು ಬಾಟಲಿ ತುಂಬಿ ಇಟ್ಟಳು. ಬಡವನ ಕೋಪ ದವಡೆಗೆ ಮೂಲ. ಮೂರು ದಿನ ಥಾನ್ ಮನೆ ಮುಖ ನೋಡಲಿಲ್ಲ. ಬೆಕ್ಕುಗಳು ಮಾತ್ರ ಬಾಟಲಿಗಳಿಗೆ ಮೈ ತಿಕ್ಕಿಕೊಂಡು ಒಳಗೆ ಬಂದು, ಬಂದ ಕೆಲಸ ಮುಗಿಸಿ ಹೋಗುತ್ತಿದ್ದವು. ನಾಲ್ಕನೇ ದಿನ ವಂಪೆನ್ ಅಳುತ್ತಾ ಹದಿನೆಂಟು ಬಾಟಲಿಗಳನ್ನೂ ಚರಂಡಿಗೆ ಸುರಿದಳು.

ಥಾನ್ ಬಂದ. ಸುಟ್ಟ ಮಾಂಸ ತಿಂದ, ಅವಳ ಕೈ ನೆಕ್ಕಿದ, ಮತ್ತೆ ಪಕ್ಕದ ಜಗುಲಿಗೆ ಹೋಗಿ ಏಳು ಬೆಕ್ಕುಗಳ ನಡುವೆ ಉರುಳಿಕೊಂಡ.

ಓಹೋ, ಇವನಿಗೆ ಬೇಕಾದ್ದು ಈ ಬೆಕ್ಕುಗಳ ಸಹವಾಸ! ಹಾಗಿದ್ದರೆ ಬೆಕ್ಕುಗಳೇ ಇಲ್ಲಿಗೆ ಬರಲಿ. ವಂಪೆನ್ ಮಾರುಕಟ್ಟೆಗೆ ಹೋಗಿ, ಬಿದಿರ ಬುಟ್ಟಿಗೆ ಹಿಡಿಸಲೆಂದು ಕತ್ತು ಮುರಿದು ಜೋಡಿಸಿಟ್ಟ ಬೆಂದ ಬಂಗುಡೆಯನ್ನು ತಂದಳು. ಮಾಲಿವಾನ್ ಅನ್ನಕ್ಕೆ ಮೀನಿನ ತಲೆ ಹಿಸುಕಿ ಹಾಕಿದರೆ, ಇವಳು ಮುಳ್ಳು ತೆಗೆದು ಇಡೀ ಮೀನನ್ನೇ ಬಡಿಸಿದಳು. ಎರಡೇ ದಿನ. ಏಳಕ್ಕೆ ಏಳೂ ಇವಳ ಅಂಗಳಕ್ಕೆ ಬಂದು ಬಿದ್ದವು. ಹಿಂದೆಯೇ ಥಾನ್ ಬಂದ. ಪಾತಿ ಇಡೀ ಬೆಕ್ಕುಗಳ ಪಾಯಿಖಾನೆಯಾಯಿತು, ವಂಪೆನ್ ಸೊಪ್ಪನ್ನು ಅಂಗಡಿಯಿಂದ ತಂದಳು. ಹೋದರೆ ಹೋಗಲಿ. ನಾಯಿ ಅವಳ ಹೊಸ್ತಿಲಲ್ಲೇ ಮಲಗುತ್ತಿತ್ತು. ಪಕ್ಕದ ಜಗುಲಿ ಖಾಲಿಯಾಗಿದ್ದದ್ದನ್ನು ನೋಡಿ ನೋಡಿ ಅವಳ ಹೊಟ್ಟೆ ತಣ್ಣಗಾಯಿತು.

ಮೂರನೇ ಬೆಳಿಗ್ಗೆ ಮಾಲಿವಾನ್ ಕೈಯಲ್ಲಿ ಅನ್ನದ ತಟ್ಟೆ ಹಿಡಿದು ಗೇಟಿನ ಬಳಿ ಬಂದಳು. ಕರೆದಳು. ಒಂದೂ ತಲೆ ಎತ್ತಲಿಲ್ಲ.

"ಒಂದನ್ನಾದ್ರೂ ಕಳ್ಸಿ ಅಕ್ಕ," ಅಂದಳು. "ಆ ಬಾಲ ಮುರಿದಿದ್ದು ಬಂದ್ರೂ ಸಾಕು. ಮನೆ ಬಿಕೋ ಅಂತಿದೆ."

ವಂಪೆನಳಿಗೆ ಆ ಸಂಕಟ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದರಿಂದಲೇ ಬಾಯಿ ಇನ್ನಷ್ಟು ಹರಿತವಾಯಿತು. "ನಾನೇನು ಹಗ್ಗ ಹಾಕಿ ಕಟ್ಟಿದೀನಾ? ರುಚಿ ಇದ್ದ ಕಡೆ ಬರ್ತಾವೆ ಕಣಮ್ಮ. ನೀನೂ ಸ್ವಲ್ಪ ಕೈಬಿಚ್ಚಿ ಹಾಕಿದ್ರೆ ಇರ್ತಿದ್ವೇನೋ."

ಮಾಲಿವಾನ್ ತಟ್ಟೆಯನ್ನು ಎದೆಗೊತ್ತಿಕೊಂಡು ವಾಪಸು ಹೋಗಿ, ಜಗುಲಿಯ ಮೆಟ್ಟಿಲ ಮೇಲೆ ಕೂತು, ಮೊಣಕೈಯಲ್ಲಿ ಮುಖ ಒರೆಸಿಕೊಂಡಳು.

ಥಾನ್ ಎದ್ದ. ಬೆಕ್ಕುಗಳನ್ನು ದಾಟಿ, ಅರ್ಧ ತಿಂದ ಬಂಗುಡೆಯನ್ನು ದಾಟಿ, ಗೇಟಿನಾಚೆ ನಡೆದ. ಮಾಲಿವಾನಳ ಪಕ್ಕ ಕೂತು ಅವಳ ಮಂಡಿಯ ಮೇಲೆ ಗದ್ದ ಊರಿದ. ಅವಳ ತಟ್ಟೆಯನ್ನು ಮೂಸಿಯೂ ನೋಡಲಿಲ್ಲ.

ವಂಪೆನಳಿಗೆ ಆಗ ಹೊಳೆಯಿತು. ಮೀನಿಗಲ್ಲ, ಬೆಕ್ಕಿಗೂ ಅಲ್ಲ. ಅವನು ಹೋಗುತ್ತಿದ್ದದ್ದು ಮಾಲಿವಾನಳಿಗಾಗಿ.

"ಥಾನ್, ಬಾರೋ," ಎಂದು ವಂಪೆನ್ ಕರೆದಳು. "ಬಾರೋ ಮಗನೇ."

ಅವನು ಒಮ್ಮೆ ತಿರುಗಿ ನೋಡಿ ಪ್ರೀತಿಯಿಂದಲೇ ಬಾಲ ಅಲ್ಲಾಡಿಸಿದ. ಏಳಲಿಲ್ಲ. ಅವಳ ಬೆನ್ನ ಹಿಂದೆ ಬಾಲ ಮುರಿದ ಬೆಕ್ಕು ತುಳಸಿ ಪಾತಿಯ ಮಣ್ಣು ಕೆದರತೊಡಗಿತ್ತು.