ಸಂದರ್ಶನದ ನಡುವೆ ಎದ್ದು ಹೋದವಳು

ಕಾಲೇಜು ಎಂದಮೇಲೆ ಅದರ ಗೋಡೆಗೆ ವಯಸ್ಸಾಗಿರಬೇಕು ಎಂಬುದು ಜಯಪ್ರಕಾಶರ ಸಿದ್ಧಾಂತ. ತಾವು ಓದಿದ ಮೈಸೂರಿನ ಕಾಲೇಜಿಗೆ ನೂರು ವರ್ಷ ದಾಟಿತ್ತೆಂಬ ಹೆಮ್ಮೆ ಟೋಕಿಯೋಗೆ ಬಂದು ಇಷ್ಟು ವರ್ಷವಾದರೂ ಇಳಿದಿರಲಿಲ್ಲ. ಅಂಥವರ ಮಗಳು ಸಂಜನಾ ಇಟಲಿಯ ಪಾದುವಾ ಊರಿನ ಎಂಟುನೂರು ವರ್ಷ ಹಳೆಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಸ್ಕಾಲರ್‌ಶಿಪ್ಪಿನ ಕೊನೆಯ ಸಂದರ್ಶನದವರೆಗೂ ಬಂದಳೆಂದರೆ ಕೇಳಬೇಕೆ! ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಇಂಡಿಯನ್ ಅಂಗಡಿಯಲ್ಲಿ ಬೇಳೆ ಮಾರುವವನಿಗೂ ಸುದ್ದಿ ಮುಟ್ಟಿತು.

ಸಂಜನಾಳಿಗೆ ಗೋಡೆಯ ವಯಸ್ಸು ಬೇಕಿರಲಿಲ್ಲ. ಅಲ್ಲಿ ವಿದ್ಯಾರ್ಥಿಗಳಿಗೆಂದೇ ಶತಮಾನಗಳ ಹಿಂದೆ ಬೆಳೆಸಿದ ಔಷಧಿ ಗಿಡಗಳ ತೋಟವೊಂದಿದೆ. ಸಣ್ಣವಳಿದ್ದಾಗ ಅದರ ಚಿತ್ರ ನೋಡಿದ್ದೇ ತಡ, ಸಸ್ಯಶಾಸ್ತ್ರ ಓದಿದರೆ ಅಲ್ಲೇ ಎಂದು ಹಟ ಹಿಡಿದಿದ್ದಳು. ಮನೆಯ ಬಾಲ್ಕನಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕುಂಡಗಳನ್ನು ತುಂಬಿದ್ದಳು. ಸ್ಕಾಲರ್‌ಶಿಪ್ ಸಿಕ್ಕರೆ ಪಾದುವಾ, ಇಲ್ಲದಿದ್ದರೆ ಇಲ್ಲ.

ಸಂದರ್ಶನ ಆನ್‌ಲೈನಿನಲ್ಲಿ. ಹದಿನೈದು ನಿಮಿಷ, ಒಂದೇ ಅವಕಾಶ. ಜಯಪ್ರಕಾಶರು ಹೆಂಡತಿ ವಿಶಾಲಾಕ್ಷಿಯನ್ನು ತರಕಾರಿಯ ನೆಪದಲ್ಲಿ ಹೊರಗೆ ಕಳಿಸಿ, ಮಗಳಿಗೆ ಅಪ್ಪಣೆ ಕೊಟ್ಟರು: "ಆಕಾಶ ತಲೆ ಮೇಲೆ ಬಿದ್ರೂ ಕುರ್ಚಿ ಬಿಟ್ಟು ಏಳ್ಬೇಡ. ಕ್ಯಾಮೆರಾ ನೋಡ್ಕೊಂಡು ಮಾತಾಡ್ತಾ ಇರು, ಅಷ್ಟೆ."

"ಅಪ್ಪ, ಪ್ಲೀಸ್, ರಿಲ್ಯಾಕ್ಸ್," ಎಂದಳು ಅವಳು.

ಇಲ್ಲಿ ಎರಡು ಮಹಡಿ ಕೆಳಗಿನ ಫುಜಿಮೋತೊ ಅಜ್ಜಿಯ ವಿಷಯ ಹೇಳಲೇಬೇಕು. ಎಂಬತ್ತು ದಾಟಿದ ಒಂಟಿ ಜೀವ, ಮಂಡಿ ಬೇರೆ ಕೈಕೊಟ್ಟಿತ್ತು. 2011ರ ದೊಡ್ಡ ಭೂಕಂಪದ ನಂತರ ಆ ಕಟ್ಟಡದ ನಿವಾಸಿಗಳ ಸಂಘ ಒಂದು ಪದ್ಧತಿ ಮಾಡಿಕೊಂಡಿತ್ತು. ಒಂಟಿಯಾಗಿರುವ ಪ್ರತಿ ಹಿರಿಯರಿಗೂ ನೆರೆಯವರೊಬ್ಬರು ಹೊಣೆ. ನೆಲ ಜೋರಾಗಿ ನಡುಗಿತೆಂದರೆ ಅವರು ಹೋಗಿ ನೋಡಬೇಕು. ಸಭೆಯಲ್ಲಿ ಅಜ್ಜಿಯ ಹೆಸರು ಬಂದಾಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಭಾರತದ ಮಾನ ಕಾಪಾಡಲು ಜಯಪ್ರಕಾಶರು ಕೈ ಎತ್ತಿದರು, ಚಪ್ಪಾಳೆಯೂ ಬಿತ್ತು. "ಊರಿಗೆ ಉಪಕಾರಿ..." ಎಂದು ವಿಶಾಲಾಕ್ಷಿ ಅರ್ಧ ಗಾದೆಯನ್ನಷ್ಟೇ ಹೇಳಿ ಬಿಟ್ಟಿದ್ದಳು. ಆಮೇಲೆ ಅಜ್ಜಿಯ ಬಾಗಿಲು ತಟ್ಟಿದ್ದೆಲ್ಲ ಸಂಜನಾಳೇ. ಸಾಹೇಬರಿಗೆ ತೊಯೊಸು ಬಡಾವಣೆಯ ಆಫೀಸು, ಮೀಟಿಂಗು.

ಸಂದರ್ಶನ ಚೆನ್ನಾಗಿಯೇ ಶುರುವಾಯಿತು. ಪರದೆಯ ಮೇಲೆ ಮೂವರು ಪ್ರೊಫೆಸರುಗಳು. ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆಯನ್ನು ಚಳಿಗಾಲ ದಾಟಿಸಿದ ಕತೆಯನ್ನು ಸಂಜನಾ ಹೇಳುತ್ತಿದ್ದರೆ ಬಿಳಿಗೂದಲಿನ ಪ್ರೊಫೆಸರಮ್ಮ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಕ್ಯಾಮೆರಾಕ್ಕೆ ಬೀಳದಂತೆ ನೆಲದ ಮೇಲೆ ಕೂತಿದ್ದ ಜಯಪ್ರಕಾಶರಿಗೆ ಸೀಟು ಕೈಗೆ ಬಂದಷ್ಟೇ ಸಂತೋಷ.

ಅಷ್ಟರಲ್ಲಿ ಅಪ್ಪ ಮಗಳ ಫೋನುಗಳೆರಡೂ ಭೂಕಂಪದ ಎಚ್ಚರಿಕೆ ಕೊಡುತ್ತ ಒಟ್ಟಿಗೆ ಅರಚಿಕೊಂಡವು. ಮರುಕ್ಷಣ ಕಟ್ಟಡ ತೂಗಾಡಿತು. ದಿನಬೆಳಗಾದರೆ ಬರುವ ಸಣ್ಣ ನಡುಕವಲ್ಲ. ಅಡುಗೆಮನೆಯಲ್ಲಿ ಡಬ್ಬಗಳು ಉರುಳಿದವು. ಜಯಪ್ರಕಾಶರು ಎದ್ದು, ಮೇಜಿನಿಂದ ಜಾರುತ್ತಿದ್ದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಸಂಜನಾ ಓಡಿ ಹೋಗಿ, ಬಾಗಿಲು ಸಿಕ್ಕಿಕೊಳ್ಳದಂತೆ ಅದನ್ನು ತೆರೆದಿಟ್ಟಳು. ನಡುಕ ನಿಂತಿತು.

"ಬಾ, ಬಂದು ಕೂತ್ಕೊ! ಟೈಮ್ ಹೋಗ್ತಿದೆ!"

"ಫುಜಿಮೋತೊ-ಸಾನ್, ಅಪ್ಪ."

"ಆಮೇಲೆ ನೋಡೋಣ. ಮೊದ್ಲು ಇದು ಮುಗಿಸು."

ಅವಳು ಬಾಗಿಲಲ್ಲಿ ನಿಂತು ಅಪ್ಪನನ್ನೇ ನೋಡಿದಳು. ಅವರು ಹೊರಡುತ್ತಾರೇನೋ ಎಂದು ಕಾದಳು. ಅವರು ಲ್ಯಾಪ್‌ಟಾಪ್ ಬಿಡಲಿಲ್ಲ. ಅವಳು ಮೆಟ್ಟಿಲಿಳಿದು ಹೋಗಿಬಿಟ್ಟಳು.

"ಎಲ್ಲ ಕ್ಷೇಮವೆ? ಆಕೆ ಎಲ್ಲಿಗೆ ಹೋದಳು?" ಎಂದು ಪ್ರೊಫೆಸರಮ್ಮ ಕೇಳಿದರು. ಜಯಪ್ರಕಾಶರು ಇಂಗು ತಿಂದ ಮಂಗನಂತೆ ಪರದೆಯನ್ನು ನೋಡಿದರು. ಕೆಳಗೆ ಒಬ್ಬರು ವಯಸ್ಸಾದವರಿದ್ದಾರೆ, ಅವರನ್ನು ನೋಡಲು ಹೋಗಿದ್ದಾಳೆ, ಈಗ ಬಂದುಬಿಡುತ್ತಾಳೆ ಎಂದರು. ಹೋಗಬೇಕಾದವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಪ್ರೊಫೆಸರುಗಳು ಸಮಯ ಮುಗಿಯುವವರೆಗೂ ಕಾದರು. ಮುಂದಿನ ಅಭ್ಯರ್ಥಿ ಕಾಯುತ್ತಿದ್ದಾರೆ, ನಿಯಮ ಎಲ್ಲರಿಗೂ ಒಂದೇ, ಜೋಪಾನವಾಗಿರಿ ಎಂದು ಮರ್ಯಾದೆಯಿಂದಲೇ ಹೇಳಿ ಹೋದರು. ಸಂಜನಾ ಏದುಸಿರು ಬಿಡುತ್ತ ಬಂದಾಗ ಪರದೆ ಖಾಲಿಯಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಶನಿವಾರ ಮೇಲ್ ಬಂತು: ಈ ಸಲ ಆಯ್ಕೆಯಾಗಿಲ್ಲ. ಸಂಜನಾ ಬಾಲ್ಕನಿಯ ಬಾಗಿಲು ಹಾಕಿಕೊಂಡು ಕುಂಡಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ವಿಶಾಲಾಕ್ಷಿ ತಟ್ಟೆ ಹಿಡಿದು ಎರಡು ಸಲ ಹೋಗಿ ಹಾಗೇ ವಾಪಸು ಬಂದಳು. "ನಾನು ಬಡ್ಕೊಂಡೆ, ಏಳ್ಬೇಡ ಅಂತ," ಎಂದರು ಜಯಪ್ರಕಾಶ. ವಿಶಾಲಾಕ್ಷಿ ಅವರನ್ನು ಒಮ್ಮೆ ನೋಡಿದಳು.

ಭಾನುವಾರ ಬೆಳಗ್ಗೆ ಕರೆಗಂಟೆ. ಬಾಗಿಲಲ್ಲಿ ಊರುಗೋಲು ಹಿಡಿದ ಫುಜಿಮೋತೊ ಅಜ್ಜಿ, ಕೈಯಲ್ಲಿ ಕಿತ್ತಳೆಯ ಚೀಲ. ಜಯಪ್ರಕಾಶರನ್ನು ಕಂಡದ್ದೇ ಸೊಂಟ ಬಗ್ಗುವಷ್ಟು ಬಾಗಿ ಏನೇನೋ ಹೇಳತೊಡಗಿದರು. ಸಾಹೇಬರ ಜಪಾನಿ ಭಾಷೆ ಆಫೀಸಿನ ನಮಸ್ಕಾರ ದಾಟಿ ಮುಂದೆ ಹೋಗಿರಲಿಲ್ಲ. ಸಂಜನಾಳನ್ನು ಕರೆದರು.

"ಅವತ್ತು ಕಪಾಟು ಬಿದ್ದು ಕಿಚನ್ ಡೋರ್ ಬ್ಲಾಕ್ ಆಗಿತ್ತಲ್ಲ, ಒಳಗೆ ಒಬ್ರೇ ಕೂತು ತುಂಬ ಹೆದರಿದ್ರಂತೆ," ಎಂದಳು ಅವಳು ನೆಲ ನೋಡುತ್ತ. "ಮಗಳ ಇಂಟರ್‌ವ್ಯೂ ನಿಲ್ಲಿಸಿ ಕಳಿಸಿದ್ರಲ್ಲ, ಇಂಥ ಮನುಷ್ಯರನ್ನ ನೋಡಿಲ್ಲ, ಅಂತಿದಾರೆ."

"ನಾನು ಕಳಿಸಿದ್ನಾ? ಯಾರು ಹೇಳಿದ್ದು?"

"ನಾನೇ."

ಜಯಪ್ರಕಾಶರ ಮುಖ ಕಪ್ಪಿಟ್ಟಿತು. ಅಜ್ಜಿ ಇನ್ನೂ ಬಾಗಿಕೊಂಡೇ ಇದ್ದರು. "ಹೇಳು ಅವ್ರಿಗೆ," ಎಂದರು ಜಯಪ್ರಕಾಶ, "ನಾನು ಕಳಿಸ್ಲಿಲ್ಲ ಅಂತ. ನಾನು ತಡೆದೆ, ಇವಳೇ ಹೋದ್ಲು ಅಂತ. ಇದ್ದದ್ದು ಇದ್ದ ಹಾಗೆ ಹೇಳು."

ಸಂಜನಾ ಜಪಾನಿಯಲ್ಲಿ ನಾಲ್ಕು ಮಾತು ಹೇಳಿದಳು. ಅಜ್ಜಿ ನಕ್ಕು, ಕಣ್ಣೊರೆಸಿಕೊಂಡು, ಮೊದಲಿಗಿಂತ ಇನ್ನೂ ಕೆಳಕ್ಕೆ ಬಾಗಿದರು. ಕಿತ್ತಳೆಯ ಚೀಲವನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟು, ಕೋಲೂರುತ್ತ ಲಿಫ್ಟಿನ ಕಡೆ ನಡೆದರು.

"ಏನು ಹೇಳ್ದೆ?"

"ಅಪ್ಪಂಗೆ ಯಾರಾದ್ರೂ ಹೊಗಳಿದ್ರೆ ತುಂಬ ಸಂಕೋಚ ಆಗುತ್ತೆ ಅಂದೆ."

ಅವಳು ಒಳಗೆ ಹೋದಳು. ಜಯಪ್ರಕಾಶರು ಚೀಲ ಹಿಡಿದುಕೊಂಡು ತೆರೆದ ಬಾಗಿಲಲ್ಲೇ ನಿಂತು ಅತ್ತರು. ಪಾದುವಾ ಕೈತಪ್ಪಿದ್ದಕ್ಕಲ್ಲ.