ಎಲ್ಲ ಪುಟಗಳಲ್ಲೂ ಬಲೂನು

ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಪುಟಗಳು ನೂರಾರು, ತಲೆ ಮಾತ್ರ ಒಂದೇ. ಪ್ರತಿ ಪುಟದ ಮೇಲ್ಭಾಗದ ಹೆಡರ್ ಇರುವುದು ಒಂದೇ ಫೈಲಿನಲ್ಲಿ. ಅದರಲ್ಲಿ ಏನು ಹಾಕಿದರೂ ಎಲ್ಲ ಪುಟಗಳಿಗೂ ಹೋಗಿ ಕೂರುತ್ತದೆ. ಅಕ್ಕತಂಗಿಯರಿಬ್ಬರಲ್ಲಿ ತಂಗಿಗೆ ಇದು ಗೊತ್ತಿಲ್ಲದ್ದೇನಲ್ಲ. ಆಸ್ಪತ್ರೆಯ ಕಚೇರಿಯಲ್ಲಿ ಕೂತು ಆ ವೆಬ್‌ಸೈಟನ್ನು ನೋಡಿಕೊಳ್ಳುವವಳೇ ಅವಳು.

ಮ್ಯಾನೇಜರಿಗೆ ಹೆರಿಗೆ ವಿಭಾಗದ ಪುಟದಲ್ಲಿ ಬಲೂನು ಹಾರಬೇಕಿತ್ತು, ಅದೂ ಊಟದ ಹೊತ್ತಿನೊಳಗೆ. ಬಲೂನು ಹಾರಿಸುವ ಸ್ಕ್ರಿಪ್ಟನ್ನು ಆ ಹೆಡರಿಗೇ ಹಾಕಿ, ಹೆರಿಗೆ ಪುಟವಾದರೆ ಮಾತ್ರ ಹಾರಿಸು ಎಂದು ಅವಳು ಷರತ್ತು ಬರೆದಳು. ಅದು ಯಾಕೋ ಮೊಂಡು ಹಿಡಿಯಿತು. ನೋಡೋಣವೆಂದು ಷರತ್ತು ತೆಗೆದಳು, ಬಲೂನು ಹಾರಿತು. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದ.

"ಬಂತಲ್ಲ, ಬಿಟ್ಬಿಡಿ. ಮಿಕ್ಕಿದ್ದು ಆಮೇಲೆ ನೋಡಿದ್ರಾಯ್ತು."

ಹೂಂ ಎಂದು ಅವಳೂ ಊಟಕ್ಕೆ ಎದ್ದಳು. ಈ ಆಮೇಲೆ ಎಂಬುದನ್ನು ನಂಬಿ ಕೆಟ್ಟವರು ಒಬ್ಬಿಬ್ಬರಲ್ಲ.

ಅದೇ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳ ಅಕ್ಕನ ಮಗುವಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದು, ಬದುಕಿದರೆ ಪುಣ್ಯ ಎನ್ನುವಂತಿತ್ತು. ಅಕ್ಕ ಎದುರಿನ ವಸತಿಗೃಹದಲ್ಲಿದ್ದಳು. ಮಗುವಿನ ಸ್ಥಿತಿ ತಿಳಿಸಲು ವೆಬ್‌ಸೈಟಿನಲ್ಲೊಂದು ಪುಟ. ಅದನ್ನು ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

ತಂಗಿ ಕುರ್ಚಿಗೆ ಮರಳಿದಾಗ ಫೋನಿನಲ್ಲಿ ಅಕ್ಕ ಕಳಿಸಿದ ಮಾತು ಕಾದಿತ್ತು. "ಪುಟದ ತುಂಬ ಬಲೂನ್ ಹಾರ್ತಿದೆ ಕಣೇ. ಗಂಡಾಂತರ ಕಳೀತು ಅಂತ ತಾನೇ? ಕಣ್ಣು ಮುಚ್ಚಿ ಎಷ್ಟು ದಿನ ಆಯ್ತೋ. ಸ್ವಲ್ಪ ಮಲಗ್ತೀನಿ."

ತಂಗಿ ತಟ್ಟನೆ ಆ ಪುಟ ತೆರೆದಳು. ಬಲೂನುಗಳು ಸಾಲುಗಟ್ಟಿ ಮೇಲೇಳುತ್ತಿದ್ದವು. ಅವುಗಳ ಹಿಂದೆ ಒಂದು ಸಾಲು ಸಿಕ್ಕಿಕೊಂಡಿತ್ತು: ತಾಯಿ ಕೂಡಲೇ ವಾರ್ಡಿಗೆ ಬರಬೇಕು.

ಫೋನು ಮಾಡಿದಳು, ಅಕ್ಕ ಎತ್ತಲಿಲ್ಲ. ವಾರ್ಡಿನವರೂ ಮಾಡಿ ಮಾಡಿ ಸೋತಿದ್ದರು. ನೆಮ್ಮದಿಯಾಗಿ ಮಲಗಲೆಂದು ಅಕ್ಕ ಫೋನಿನ ಬಾಯಿ ಮುಚ್ಚಿಸಿದ್ದಳು. ತಂಗಿ ಎದ್ದು ಬಿದ್ದು ಓಡಿ, ಬಾಗಿಲು ಬಡಿದು, ಅವಳನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಅಷ್ಟರಲ್ಲಿ ನರ್ಸಮ್ಮ ಪೆಟ್ಟಿಗೆಯ ನಳಿಕೆಗಳನ್ನು ಬಿಚ್ಚಿಯಾಗಿತ್ತು.

"ತುಂಬ ಹೊತ್ತು ತಡ್ಕೊಂಡಿತ್ತಮ್ಮಾ," ಎಂದಳು ನರ್ಸಮ್ಮ. "ನೀವು ಬರ್ತೀರಿ ಅಂತ ನಾನೇ ಎತ್ಕೊಂಡಿದ್ದೆ."

ತಂಗಿಗೆ ಸತ್ತುಹೋಗಬೇಕೆನಿಸಿತು. "ಅಕ್ಕಾ, ಆ ಬಲೂನು ನಾನೇ ಹಾಕಿದ್ದು. ಅದು ಈ ಪುಟಕ್ಕಲ್ಲ."

ಅಕ್ಕ ಬೈಯಲಿಲ್ಲ. ಬಟ್ಟೆ ಸುತ್ತಿದ ಮಗುವನ್ನು ಮಡಿಲಿಗೆ ತೆಗೆದುಕೊಂಡು, ಅದರ ಮುಖವನ್ನೇ ನೋಡುತ್ತ ಹೇಳಿದಳು, "ಎಷ್ಟು ಚೆನ್ನಾಗಿ ನಿದ್ದೆ ಬಂದಿತ್ತು ಗೊತ್ತೇನೇ ನಂಗೆ."